ಮಾತಿಗೆ ಮರುಮಾತು ಸಿಗುವ ಮನೆ

ಪೋಷಕರ ಸಭೆಯಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. "ಮಿಸ್, ಇವನನ್ನ ಟ್ಯೂಷನ್‌ಗೆ ಹಾಕ್ಬೇಕಾ?" ಕೇಳುತ್ತಿರುವುದು ಒಂದನೇ ತರಗತಿಯ ಮಗುವಿನ ಬಗ್ಗೆ. ಅದಕ್ಕಿನ್ನೂ ಆರು ವರ್ಷ. ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಸಂಜೆ ಹೊತ್ತು ಮನೆಯಲ್ಲಿ ಇವನ ಜೊತೆ ಯಾರು ಮಾತಾಡ್ತಾರೆ? ತುಂಬಾ ಜನಕ್ಕೆ ತಕ್ಷಣ ಉತ್ತರ ಹೊಳೆಯುವುದಿಲ್ಲ. ಕೆಲವರು ಹೋಂವರ್ಕ್ ಮಾಡಿಸುವವರು ಯಾರು ಅಂತ ಹೇಳುತ್ತಾರೆ. ಅದು ಬೇರೆ, ಇದು ಬೇರೆ.

ಇಷ್ಟು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಮಗು ಆಡಿದ ಮಾತಿಗೆ ಮನೆಯಲ್ಲಿ ಮರುಮಾತು ಸಿಗುತ್ತಿದ್ದರೆ, ಆ ಮಗು ಕಲಿಯಲು ತಯಾರಾಗಿ ಶಾಲೆಗೆ ಬರುತ್ತದೆ. ಪುಸ್ತಕ, ಆಟಿಕೆ, ಆ್ಯಪ್ ಎಲ್ಲ ಆಮೇಲಿನ ಮಾತು.

ತರಗತಿಯಲ್ಲಿ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಕಥೆ ಹೇಳುತ್ತಾ ನಡುವೆ ನಿಲ್ಲಿಸಿ, "ನರಿ ಯಾಕೆ ವಾಪಸ್ ಹೋಯ್ತು?" ಎಂದು ಕೇಳುತ್ತೇನೆ. ಒಂದು ಮಗು "ಹೆದ್ರಿಕೆ" ಎಂದಷ್ಟೇ ಹೇಳಿ ನನ್ನ ಮುಖ ನೋಡುತ್ತದೆ, ಸರಿಯೋ ತಪ್ಪೋ ಅಂತ. ಇನ್ನೊಂದು ಮಗು "ಯಾಕಂದ್ರೆ ಅದರ ಮರಿ ಗುಹೇಲಿತ್ತು, ಕತ್ತಲಾಗ್ತಾ ಬಂತು, ಅದಕ್ಕೇ" ಎಂದು ಕಥೆಯಲ್ಲಿ ಇಲ್ಲದ್ದನ್ನೂ ಸೇರಿಸುತ್ತದೆ. ಎರಡನೇ ಮಗುವಿಗೆ ಬುದ್ಧಿ ಜಾಸ್ತಿ ಅಂತಲ್ಲ. ಅದಕ್ಕೆ ಮನೆಯಲ್ಲಿ ಯಾರೋ ಕಾರಣ ಕೊಟ್ಟು ಮಾತಾಡಿದ್ದಾರೆ. "ಕೊಡೆ ತಗೋ" ಎಂದು ಮುಗಿಸದೆ, "ಮೋಡ ಕವಿದಿದೆ ನೋಡು, ಕೊಡೆ ತಗೊಳ್ಳೋಣ್ವಾ?" ಎಂದಿದ್ದಾರೆ. ಮಗು "ಬೇಡ" ಅಂದಾಗ "ಯಾಕೆ ಬೇಡ?" ಎಂದು ಕೇಳಿ, ಅದರ ಉತ್ತರಕ್ಕೆ ಕಾದಿದ್ದಾರೆ.

ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವುದು ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬ ಅಮೆರಿಕದ ಸಂಶೋಧಕರ ಅಧ್ಯಯನವನ್ನು. 42 ಕುಟುಂಬಗಳ ಮನೆಮಾತನ್ನು ರೆಕಾರ್ಡ್ ಮಾಡಿ, 1995ರಲ್ಲಿ ಅವರು ಒಂದು ಲೆಕ್ಕ ಮುಂದಿಟ್ಟರು. ನಾಲ್ಕು ವರ್ಷ ತುಂಬುವ ಹೊತ್ತಿಗೆ ತೀರಾ ಬಡವರ ಮನೆಯ ಮಗು, ಉಳ್ಳವರ ಮನೆಯ ಮಗುವಿಗಿಂತ 3 ಕೋಟಿ ಪದ ಕಡಿಮೆ ಕೇಳಿರುತ್ತದೆ ಅಂತ. ಆ ಸಂಖ್ಯೆ ಜಗತ್ತೆಲ್ಲ ಓಡಾಡಿತು. ನನಗೆ ಅದರ ಮೇಲೆ ಅಷ್ಟು ಪ್ರೀತಿಯಿಲ್ಲ. ಕುಟುಂಬಗಳು ತೀರಾ ಕಡಿಮೆ. ಮುಖ್ಯವಾಗಿ ಮಗುವನ್ನು ನೋಡಿಕೊಳ್ಳುವವರ ಮಾತಿಗೇ ಲೆಕ್ಕ ನಿಂತಿತು. ಅಜ್ಜಿ, ಅಕ್ಕ, ಅಣ್ಣ, ಮನೆಗೆ ಬಂದು ಹೋಗುವವರು ಮಗುವಿನ ಜೊತೆಗೂ ಸುತ್ತಮುತ್ತಲೂ ಆಡುವ ಮಾತು ಏನಾಯಿತು? ಮುಂದೆ ಬೇರೆ ಸಂಶೋಧಕರೂ ಇದನ್ನೇ ಕೇಳಿದರು. ಬಡವರ ಮನೆ ಅಂದರೆ ಮಾತಿಲ್ಲದ ಮನೆ ಎಂದು ಒಪ್ಪಲು ನನ್ನಿಂದ ಆಗುವುದಿಲ್ಲ. ಕೂಲಿ ಕೆಲಸದವರ ಮಕ್ಕಳು ಬಂದು ನನ್ನ ತರಗತಿಯಲ್ಲಿ ಬಾಯಿ ತುಂಬ ಕಥೆ ಹೇಳಿದ್ದಾರೆ. ದೊಡ್ಡ ಮನೆಯಿಂದ ಬಂದು, ಬಾಯಿ ಬಿಡಲು ತಿಂಗಳುಗಟ್ಟಲೆ ತೆಗೆದುಕೊಂಡವರೂ ಇದ್ದಾರೆ.

ನನಗೆ ಹೆಚ್ಚು ಹಿಡಿಸಿದ್ದು 2018ರ ಇನ್ನೊಂದು ಅಧ್ಯಯನ. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳ ಮನೆಮಾತನ್ನು ರೆಕಾರ್ಡ್ ಮಾಡಿದರು. ಆ ಮಕ್ಕಳು ಕಥೆ ಕೇಳುವಾಗ ಮೆದುಳಿನ ಸ್ಕ್ಯಾನ್ ಕೂಡ ಮಾಡಿದರು. ಮಗು ಒಂದು ಮಾತು, ದೊಡ್ಡವರು ಒಂದು ಮಾತು, ಮತ್ತೆ ಮಗು ಒಂದು ಮಾತು, ಹೀಗೆ ಸರದಿ ಹೆಚ್ಚು ನಡೆದ ಮನೆಯ ಮಕ್ಕಳಲ್ಲಿ ಭಾಷೆಗೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾಗಿತ್ತು. ಅಪ್ಪ ಅಮ್ಮನ ಆದಾಯ, ಓದು ಎಷ್ಟೇ ಇರಲಿ, ಕಿವಿಗೆ ಬಿದ್ದ ಪದಗಳು ಎಷ್ಟೇ ಇರಲಿ, ಈ ಸಂಬಂಧ ಉಳಿಯಿತು. ಟಿವಿ ದಿನವಿಡೀ ಮಾತಾಡುತ್ತದೆ, ನಿಜ. ಆದರೆ ಮಗು ಹೇಳಿದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲವಲ್ಲ.

ಗದ್ದಲದ ಬಗ್ಗೆಯೂ ಒಂದು ಮಾತು. ನ್ಯೂಯಾರ್ಕಿನಲ್ಲಿ ಹೆದ್ದಾರಿಯ ಮೇಲೇ ಕಟ್ಟಿದ ವಸತಿ ಕಟ್ಟಡಗಳ ಮಕ್ಕಳನ್ನು ಗಮನಿಸಿ 1973ರಲ್ಲಿ ಒಂದು ವರದಿ ಬಂತು. ಸದ್ದು ಜಾಸ್ತಿ ಇದ್ದ ಕೆಳಗಿನ ಮಹಡಿಗಳಲ್ಲಿ ವರ್ಷಗಟ್ಟಲೆ ಇದ್ದ ಮಕ್ಕಳಿಗೆ, ಒಂದೇ ಥರ ಕೇಳಿಸುವ ಪದಗಳನ್ನು ಬೇರೆ ಮಾಡಿ ಗುರುತಿಸುವುದು ಕಷ್ಟವಾಗುತ್ತಿತ್ತು. ಓದಿನಲ್ಲೂ ಅವರು ಹಿಂದಿದ್ದರು. ಯಾರೂ ನೋಡದ ಟಿವಿಯನ್ನು ಆರಿಸಿ ಅಂತ ನಾನು ಹೇಳುವುದು ಇದಕ್ಕೇ.

ಮರುಮಾತು ಅಂದರೆ ಬಾಯಿಮಾತು ಮಾತ್ರ ಅಲ್ಲ. ಮಾತು ಬರದ ಕೂಸಿಗೆ ಮುಖವೇ ಮಾತು. 1970ರ ದಶಕದಲ್ಲಿ ಎಡ್ವರ್ಡ್ ಟ್ರೋನಿಕ್ ಎಂಬ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಅಮ್ಮ ಮೊದಲು ಕೂಸಿನ ಜೊತೆ ನಗುತ್ತಾ ಆಡಬೇಕು. ಆಮೇಲೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರಬೇಕು. ಕೂಸು ಮೊದಲು ನಗುತ್ತದೆ, ಅಮ್ಮನನ್ನು ಮತ್ತೆ ಆಟಕ್ಕೆ ಎಳೆಯಲು ನೋಡುತ್ತದೆ. ಏನೂ ನಡೆಯದಿದ್ದಾಗ ಮುಖ ತಿರುಗಿಸಿಬಿಡುತ್ತದೆ. ಮೊಬೈಲ್ ನೋಡುತ್ತಿರುವ ನಮ್ಮ ಮುಖ ಹೇಗಿರುತ್ತದೆ ಎಂದು ಒಮ್ಮೆ ಯೋಚಿಸಿ. ಮೊಬೈಲ್ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಕೆಲಸ ಇರುತ್ತದೆ. "ತಾಳು, ಈ ಮೆಸೇಜ್ ಕಳಿಸಿ ನಿನ್ನ ಮಾತು ಕೇಳ್ತೀನಿ" ಎಂದು ತಲೆ ಎತ್ತಿ ಹೇಳಿದರೂ ಅದು ಮರುಮಾತೇ.

ಹಾಗೆ ಹೇಳಿದ ಮೇಲೆ ಕೇಳಲೇಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸುತ್ತದೆ, ಏಕೆಂದರೆ ಇದು ಸಣ್ಣ ವಿಷಯ ಎಂದು ಜನ ತಿಳಿದಿರುತ್ತಾರೆ. ಮಗುವಿನ ಮುಂದೆ ಒಂದು ಸಿಹಿ ಇಟ್ಟು, "ನಾನು ಬರೋವರೆಗೆ ತಿನ್ನದೆ ಕಾದರೆ ಎರಡು ಕೊಡ್ತೀನಿ" ಎನ್ನುವ ಪ್ರಯೋಗ ಹಳೆಯದು. ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶುರು ಮಾಡಿದ್ದು. ಕಾಯುವ ಮಗುವಿಗೆ ಮನಸ್ಸಿನ ಹಿಡಿತ ಚೆನ್ನಾಗಿದೆ ಎಂದು ಎಲ್ಲರೂ ಅದನ್ನು ಅರ್ಥ ಮಾಡಿಕೊಂಡರು. ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಅದಕ್ಕೆ ಒಂದು ಹೊಸ ಹೆಜ್ಜೆ ಸೇರಿಸಿದರು. 2013ರಲ್ಲಿ ಅದು ಅಚ್ಚಾಯಿತು. ಮೊದಲು ಮಕ್ಕಳಿಗೆ ಸವೆದ ಬಣ್ಣದ ಕಡ್ಡಿ ಕೊಟ್ಟು, "ಕಾದರೆ ಒಳ್ಳೇದು ತಂದುಕೊಡ್ತೀನಿ" ಎಂದರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದವರಿಗೆ ಬರಿಗೈಯಲ್ಲಿ ಬಂದು, "ಇಲ್ಲ, ಸಾರಿ" ಎಂದರು. ಸಿಹಿಯ ಸರದಿ ಬಂದದ್ದು ಅದಾದ ಮೇಲೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಸುಮಾರು 3 ನಿಮಿಷ.

ಕಾಯದ ಮಕ್ಕಳು ಹಠಮಾರಿಗಳಲ್ಲ. ಸಿಗದೇ ಹೋಗಬಹುದಾದದ್ದಕ್ಕೆ ಯಾರು ಕಾಯುತ್ತಾರೆ ಹೇಳಿ? "ನಾಳೆ ಕೊಡಿಸ್ತೀನಿ", "ಅತ್ತರೆ ಬಿಟ್ಟು ಹೋಗ್ತೀನಿ", "ಇದು ಮುಗಿಸು, ಆಮೇಲೆ ಆಟಕ್ಕೆ ಕರ್ಕೊಂಡು ಹೋಗ್ತೀನಿ". ಆ ಕ್ಷಣ ದಾಟಲು ಹೇಳುವ ಇಂಥ ಮಾತುಗಳನ್ನು ದೊಡ್ಡವರು ಮರೆಯುತ್ತಾರೆ, ಮಗು ಮರೆಯುವುದಿಲ್ಲ. ಅಕ್ಷರ ಕಲಿಯುವುದು ನಿಧಾನದ ಕೆಲಸ. ಇವತ್ತು ತಿದ್ದಿದ್ದರ ಫಲ ಯಾವಾಗಲೋ ಸಿಗುತ್ತದೆ. ಅಲ್ಲಿಯವರೆಗೆ ನನ್ನ ಮಾತು ನಂಬಿ ಕೂರಬೇಕಾದರೆ, ದೊಡ್ಡವರ ಮಾತು ನಿಜವಾಗುವುದನ್ನು ಆ ಮಗು ಮನೆಯಲ್ಲಿ ನೋಡಿರಬೇಕು.

ಗಣಿತದ ಬಗ್ಗೆ ಮನೆಯಲ್ಲಿ ಏನು ಹೇಳುತ್ತಾರೆ ಎನ್ನುವುದೂ ನನ್ನ ತನಕ ಬರುತ್ತದೆ. "ನಮ್ಮಪ್ಪಂಗೂ ಲೆಕ್ಕ ಬರ್ತಿರ್ಲಿಲ್ವಂತೆ ಮಿಸ್" ಎಂದು ಮಕ್ಕಳೇ ಹೇಳುತ್ತಾರೆ. 2015ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಣಿತ ಎಂದರೆ ಹೆದರುವ ಅಪ್ಪ ಅಮ್ಮ ಮೇಲಿಂದ ಮೇಲೆ ಹೋಂವರ್ಕಿಗೆ ನೆರವಾದಾಗ ಒಂದು, ಎರಡನೇ ತರಗತಿಯ ಮಕ್ಕಳು ಆ ವರ್ಷ ಗಣಿತ ಕಡಿಮೆ ಕಲಿತಿದ್ದರು. ಅಂಥವರಿಗೆ ನಾನು ಹೋಂವರ್ಕ್ ಬಿಟ್ಟುಬಿಡಿ, ಮನೆಗೆಲಸದಲ್ಲಿ ಎಣಿಸಿ ಎನ್ನುತ್ತೇನೆ. ಬಟ್ಟೆ ಮಡಿಸುವಾಗ ಎಣಿಸಿ, ತಟ್ಟೆ ಇಡುವಾಗ "ಇನ್ನೆಷ್ಟು ಬೇಕು?" ಎಂದು ಕೇಳಿ.

ಇಷ್ಟೆಲ್ಲ ಓದಿದ ಮೇಲೆ ಯಾವುದೋ ತಾಯಿ ತನ್ನದೇ ತಪ್ಪು ಎಂದುಕೊಂಡರೆ ನನಗೆ ಬೇಸರವಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ "ಮಗುವಿಗೆ ಸಮಯ ಕೊಡಿ" ಎಂದು ಉಪದೇಶ ಮಾಡುವುದು ಅನ್ಯಾಯ. ಮಗು ಕಾಲಿಡದ ಜಾಗ, ಅಂದರೆ ಅಪ್ಪ ಅಮ್ಮ ದುಡಿಯುವ ಜಾಗವೂ ಅದರ ಬೆಳವಣಿಗೆಯಲ್ಲಿ ಪಾಲು ಪಡೆಯುತ್ತದೆ ಎಂದು ಮನೋವಿಜ್ಞಾನಿ ಯೂರಿ ಬ್ರಾನ್ಫೆನ್‌ಬ್ರೆನರ್ 1979ರಲ್ಲೇ ಬರೆದಿದ್ದರು. ಮನೆ ಚೆನ್ನಾಗಿರಬೇಕಾದರೆ ಮನೆಗೂ ಹೊರಗಿನ ನೆರವು ಬೇಕು.

ಆ ನೆರವು ದುಬಾರಿ ಆಗಬೇಕಾಗಿಲ್ಲ ಎನ್ನುವುದಕ್ಕೆ ಜಮೈಕಾ ಇದೆ. 1986–87ರಲ್ಲಿ ಅಲ್ಲಿ ಬೆಳವಣಿಗೆ ಕುಂಠಿತವಾದ 129 ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಹೋದರು. ಮನೆಯಲ್ಲೇ ಸಿಗುವ ಸಾಮಾನಿನಿಂದ ಮಾಡಿದ ಆಟಿಕೆ ಹಿಡಿದು, ಮಗುವಿನ ಜೊತೆ ಹೇಗೆ ಆಡಬಹುದು, ಹೇಗೆ ಮಾತಾಡಬಹುದು ಎಂದು ತಾಯಂದಿರಿಗೆ ತೋರಿಸಿಕೊಟ್ಟರು. ಅಷ್ಟೇ. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ, ಈ ಭೇಟಿ ಸಿಗದ ಅಂಥದ್ದೇ ಮಕ್ಕಳಿಗಿಂತ 25% ಹೆಚ್ಚಿತ್ತು. ಯಾರೂ ತಾಯಂದಿರನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂತು ಜೊತೆಗೆ ಆಡಿದರು.

ನನ್ನ ಕೈಲಾದದ್ದು ಸಣ್ಣದು. ಓದು ಬರಹ ಬಾರದ ಒಬ್ಬ ತಂದೆ, "ನಾನು ಏನು ಹೇಳಿಕೊಡ್ಲಿ ಮಿಸ್?" ಎಂದು ಕೇಳಿದಾಗ ಅಕ್ಷರವೇ ಇಲ್ಲದ ಚಿತ್ರಪುಸ್ತಕ ಕೊಟ್ಟು ಕಳಿಸಿದೆ. ಚಿತ್ರ ತೋರಿಸಿ ಮಗಳನ್ನೇ ಕೇಳಿ, ಅವಳು ಹೇಳಿದ್ದಕ್ಕೆ ನೀವು ಒಂದು ಸೇರಿಸಿ ಎಂದೆ. ಈಗ ಅವಳು ತರಗತಿಯಲ್ಲಿ ಅಪ್ಪ ಹೇಳಿದ ಕಥೆಯನ್ನು ತಿದ್ದಿ ಹೇಳುತ್ತಾಳೆ. ಇನ್ನೂ ಎಷ್ಟೋ ಮನೆಗಳಲ್ಲಿ ಮಕ್ಕಳ ಜೊತೆ ಹಗಲೆಲ್ಲ ಇರುವುದು ಅಜ್ಜ, ಅಜ್ಜಿ. ಅವರನ್ನು ನಾವು ಸಭೆಗೆ ಕರೆಯುವುದೇ ಇಲ್ಲ. ಈ ಸಲದ ಚೀಟಿಯಲ್ಲಿ "ಮನೆಯ ಹಿರಿಯರೂ ಬರಬೇಕು" ಎಂದು ಸೇರಿಸಿದ್ದೇನೆ. ಬಂದವರಿಗೆಲ್ಲ ಒಂದೊಂದು ಚಿತ್ರಪುಸ್ತಕ ತೆಗೆದಿಟ್ಟಿದ್ದೇನೆ.