ಕದನವಿರಾಮದ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು

ಮಂಗಳೂರಿನಲ್ಲಿ ಖಾದ್ಯ ತೈಲ ಆಮದು ಮಾಡುವ ಕಂಪನಿಯ ಖರೀದಿ ವಿಭಾಗದಲ್ಲಿ ನನ್ನ ಕೆಲಸ. 2022ಕ್ಕೆ ಮುಂಚೆ ಭಾರತಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದು. ಆ ವರ್ಷ ಫೆಬ್ರವರಿ 24ಕ್ಕೆ ರಷ್ಯಾ ದಾಳಿ ಶುರುಮಾಡಿತು, ಒಡೆಸಾ ಕಡೆಯ ಬಂದರುಗಳು ಮುಚ್ಚಿದವು. ಎಣ್ಣೆ ಪ್ಯಾಕೆಟ್ ರೇಟು ಏರಿದ್ದು ನಿಮಗೂ ನೆನಪಿರುತ್ತದೆ, ಅಲ್ವಾ?

ಆವಾಗಿನಿಂದ ಶಾಂತಿ ಮಾತುಕತೆಯ ಸುದ್ದಿ ಬಂದರೆ ನಾನು ಫೋಟೋ, ಹೇಳಿಕೆ ಎಲ್ಲ ಬಿಟ್ಟು ಒಂದೇ ವಿಷಯ ಹುಡುಕುತ್ತೇನೆ. ಒಪ್ಪಿದ್ದು ನಡೆಯುತ್ತಿದೆಯಾ ಅಂತ ಚೆಕ್ ಮಾಡುವವರು ಯಾರು?

ಇದನ್ನು ಕಲಿತದ್ದು ಕಪ್ಪು ಸಮುದ್ರದ ಧಾನ್ಯ ಒಪ್ಪಂದದಿಂದ. ಯುದ್ಧದ ನಡುವೆಯೂ ಉಕ್ರೇನಿನ ಬಂದರುಗಳಿಂದ ಧಾನ್ಯದ ಹಡಗು ಹೊರಡಲಿ ಅಂತ ಮಾಡಿದ್ದು ಅದು. 2022ರ ಜುಲೈ 22ರಂದು ಇಸ್ತಾಂಬುಲ್‌ನಲ್ಲಿ ಸಹಿ ಆಯಿತು. ರಷ್ಯಾ, ಉಕ್ರೇನ್ ಒಂದೇ ಕಾಗದಕ್ಕೆ ಸಹಿ ಹಾಕಲಿಲ್ಲ. ಟರ್ಕಿ ಮತ್ತು ವಿಶ್ವಸಂಸ್ಥೆಯ ಜೊತೆ ಬೇರೆ ಬೇರೆಯಾಗಿ ಹಾಕಿದವು. ಮರುದಿನವೇ ಒಡೆಸಾ ಬಂದರಿನ ಮೇಲೆ ಕ್ಷಿಪಣಿ ಬಿತ್ತು. ಕಥೆ ಮುಗೀತು ಅನ್ನಿಸಿತ್ತು. ಆದರೂ ಆಗಸ್ಟ್ 1ಕ್ಕೆ ಸುಮಾರು 26,000 ಟನ್ ಮೆಕ್ಕೆಜೋಳ ತುಂಬಿಕೊಂಡು ‘ರಜೋನಿ’ ಹಡಗು ಹೊರಟೇ ಹೊರಟಿತು.

ಹೊರಡುವಂತೆ ಮಾಡಿದ್ದು ಒಂದು ಸಾದಾ ವ್ಯವಸ್ಥೆ. ಇಸ್ತಾಂಬುಲ್‌ನಲ್ಲಿ ಒಂದು ಜಂಟಿ ಕಚೇರಿ. ಹಡಗು ಅಲ್ಲೇ ಹತ್ತಿರ ಲಂಗರು ಹಾಕಬೇಕು. ರಷ್ಯಾ, ಉಕ್ರೇನ್, ಟರ್ಕಿ, ವಿಶ್ವಸಂಸ್ಥೆ, ಹೀಗೆ ನಾಲ್ಕೂ ಕಡೆಯವರು ಒಟ್ಟಿಗೆ ಹಡಗು ಹತ್ತಿ ಸರಕು, ಸಿಬ್ಬಂದಿ, ಕಾಗದಪತ್ರ ನೋಡುತ್ತಿದ್ದರು. ಒಳಗೆ ಹೋಗುವಾಗಲೂ ತಪಾಸಣೆ, ಬರುವಾಗಲೂ ತಪಾಸಣೆ. ಕ್ಯೂ ಬೆಳೆಯುತ್ತಿತ್ತು, ಹಡಗು ಕಾಯುವ ಒಂದೊಂದು ದಿನಕ್ಕೂ ಖರ್ಚು. ನಮಗೆಲ್ಲ ತಲೆಬಿಸಿ. ಆದರೆ ಯೋಚಿಸಿ ನೋಡಿ: ದಡದಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಎರಡು ದೇಶಗಳ ಜನ ಒಂದೇ ಡೆಕ್ ಮೇಲೆ ನಿಂತು ಒಂದೇ ಪಟ್ಟಿ ನೋಡುತ್ತಿದ್ದರು! 2023ರ ಜುಲೈ 17ಕ್ಕೆ ರಷ್ಯಾ ಹೊರಬರುವ ಹೊತ್ತಿಗೆ ಹೆಚ್ಚುಕಡಿಮೆ 3.3 ಕೋಟಿ ಟನ್ ಆಹಾರ ಆ ದಾರಿಯಲ್ಲಿ ಸಾಗಿತ್ತು.

ಇದಕ್ಕೆ ತದ್ವಿರುದ್ಧ ಮಿನ್ಸ್ಕ್ ಒಪ್ಪಂದಗಳು. ಪೂರ್ವ ಉಕ್ರೇನಿನ ಡೊನ್‌ಬಾಸ್‌ನಲ್ಲಿ ಕಾಳಗ ನಿಲ್ಲಿಸಲು 2014, 2015ರಲ್ಲಿ ಆದವು. ಅಲ್ಲಿ ವೀಕ್ಷಕರೂ ಇದ್ದರು. ಕದನವಿರಾಮ ಎಲ್ಲಿ ಎಷ್ಟು ಸಲ ಮುರಿಯಿತು ಅಂತ ಬರೆದಿಟ್ಟರು, ಅದಕ್ಕಿಂತ ಜಾಸ್ತಿ ಮಾಡುವ ಅಧಿಕಾರ ಅವರಿಗಿರಲಿಲ್ಲ.

ಕೊರಿಯಾ ಯುದ್ಧ ನೆನಪಾಗುತ್ತದೆ. 1951ರ ಜುಲೈಯಲ್ಲಿ ಶುರುವಾದ ಕದನವಿರಾಮದ ಮಾತುಕತೆ ಮುಗಿದದ್ದು 1953ರ ಜುಲೈ 27ಕ್ಕೆ. ಜಾಸ್ತಿ ಎಳೆದಾಡಿಸಿದ್ದು ಯುದ್ಧಕೈದಿಗಳ ಪ್ರಶ್ನೆ. ಊರಿಗೆ ಹೋಗಲು ಒಲ್ಲದವರನ್ನು ಏನು ಮಾಡುವುದು? ಅದಕ್ಕೆ ಐದು ತಟಸ್ಥ ದೇಶಗಳ ಆಯೋಗ ಬಂತು. ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯಿಂದ ದೂರು ಕೇಳುತ್ತಾ ಮಾಡಬೇಕಾದ ಕೆಲಸ ಅದು, ಅವರು ಮಾಡಿದರು. ಕೊರಿಯಾಕ್ಕೆ ಇವತ್ತಿಗೂ ಶಾಂತಿ ಒಪ್ಪಂದ ಇಲ್ಲ. ಆದರೆ ಆ ಮಟ್ಟದ ಯುದ್ಧ ಮತ್ತೆ ಆಗಿಲ್ಲ. ಲಕ್ಷಾಂತರ ಮನೆಗಳಿಗೆ ಅದು ಸಣ್ಣ ವಿಷಯವಲ್ಲ.

ಉಕ್ರೇನ್ ಬಗ್ಗೆ ನನಗೆ ಭರವಸೆ ಇರುವುದೂ ಇಂಥ ಕಡೆಯೇ. 2025ರ ಮೇಯಲ್ಲಿ ಇಸ್ತಾಂಬುಲ್ ಮಾತುಕತೆಯ ಬಳಿಕ ಎರಡೂ ಕಡೆ ಸೆರೆಯಲ್ಲಿದ್ದ ತಲಾ 1,000 ಜನರನ್ನು ಬಿಟ್ಟವು. ಯುಎಇ ನಡುವೆ ನಿಂತು ಮಾಡಿಸಿದ ಕೈದಿ ವಿನಿಮಯಗಳೂ ಹಲವು. ಹೆಸರು ತಾಳೆ ನೋಡಿ, ಬಸ್ಸು ಹತ್ತಿಸಿ, ಮನೆಗೆ ಮುಟ್ಟಿಸುವ ಕೆಲಸ ಈ ಇಬ್ಬರ ನಡುವೆ ನಡೆಯುತ್ತದೆ ಅಂತ ಅಲ್ಲಿ ಗೊತ್ತಾಗಿದೆ.

ಆದರೆ ಯುದ್ಧರೇಖೆ ಸಾವಿರ ಕಿಲೋಮೀಟರಿಗೂ ಉದ್ದ. ಅದನ್ನು ಕಾಯುವವರು ಯಾರು, ಮುರಿದವರ ಮೇಲೆ ಕ್ರಮ ಏನು, ಇಷ್ಟನ್ನು ಬಿಡಿಸಿ ಬರೆದ ಕರಡು ಬಂದರೆ ನಾನು ನಂಬುತ್ತೇನೆ. ಬರುವ ತನಕ ನಮ್ಮ ಆರ್ಡರುಗಳು ರಷ್ಯಾ, ಉಕ್ರೇನ್, ಅರ್ಜೆಂಟೀನಾಗಳಿಗೆ ಹಂಚಿಯೇ ಹೋಗುತ್ತವೆ.