70 ಕೋಟಿ ಡಾಲರು, ಒಂದು ಸುಶಿ ಹೋಟೆಲು

ಡಿಸೆಂಬರ್ 12, 2023, ಮಂಗಳವಾರ
ಮಿಸಿಸಾಗಾ

ನಿನ್ನೆ ರಾತ್ರಿ ಜಪಾನಿನ ಬೇಸ್‌ಬಾಲ್ ಆಟಗಾರ ಶೋಹೇ ಒಟಾನಿಯ ಒಪ್ಪಂದದ ಒಳವಿವರ ಹೊರಬಿತ್ತು. ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಅನ್ನುವುದು ಶನಿವಾರವೇ ಗೊತ್ತಿತ್ತು. ಅದರಲ್ಲಿ 68 ಕೋಟಿಯನ್ನು ಈ ಹತ್ತು ವರ್ಷದಲ್ಲಿ ಅವನು ಮುಟ್ಟುವುದೇ ಇಲ್ಲ ಅನ್ನುವುದು ಈಗ ಗೊತ್ತಾಯಿತು. 2024ರಿಂದ 2033ರವರೆಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಅವನಿಗೆ ಕೊಡುವುದು ವರ್ಷಕ್ಕೆ ಬರೀ 20 ಲಕ್ಷ. ಬಾಕಿಯದು 2034ರಿಂದ 2043ರವರೆಗೆ, ವರ್ಷಕ್ಕೆ 6.8 ಕೋಟಿಯಂತೆ. ಬಡ್ಡಿ ಸೊನ್ನೆ. ಇದನ್ನು ಓದಿದ ಮೇಲೆ, ಅವನು ನಮ್ಮ ಟೊರಾಂಟೊ ತಂಡ ಬ್ಲೂ ಜೇಸ್‌ಗೇ ಬರುತ್ತಾನೆ ಅಂತ ಕಳೆದ ಕೆಲವು ವಾರ ಇಲ್ಲಿ ಸುತ್ತಮುತ್ತ ನಾವೆಲ್ಲ ಏನೇನು ಮಾತಾಡಿಕೊಂಡೆವು ಅಂತ ಬರೆದಿಡಬೇಕು ಅನ್ನಿಸಿತು. ಯಾಕಂದರೆ ಆ ಮಾತುಗಳಲ್ಲಿ ಎಲ್ಲವೂ ಇತ್ತು, ಇದೊಂದನ್ನು ಬಿಟ್ಟು.

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಈ ಆಟದಲ್ಲಿ ಚೆಂಡೆಸೆಯುವ ಪಿಚ್ಚರ್ ಈಗ ಬ್ಯಾಟ್ ಹಿಡಿಯುವುದೇ ಇಲ್ಲ, ಬ್ಯಾಟ್ ಹಿಡಿಯುವವನು ಎಸೆಯುವುದಿಲ್ಲ. ಒಟಾನಿ ಎರಡನ್ನೂ ಮಾಡುತ್ತಾನೆ, ಎರಡರಲ್ಲೂ ಮೇಲಿನ ಸಾಲಿನಲ್ಲೇ ಇರುತ್ತಾನೆ. ಈ ವರ್ಷ 44 ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು) ಹೊಡೆದ, ಪಿಚ್ಚರ್ ಆಗಿ 10 ಪಂದ್ಯ ಗೆದ್ದ, ವರ್ಷದ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಯನ್ನು ಎರಡನೇ ಸಲ ಸರ್ವಾನುಮತದಿಂದ ಪಡೆದ. ಹಾಗೆ ಎರಡು ಸಲ ಪಡೆದವರು ಹಿಂದೆ ಯಾರೂ ಇಲ್ಲ. ಸೆಪ್ಟೆಂಬರಿನಲ್ಲಿ ಮೊಣಕೈ ಆಪರೇಷನ್ ಆಗಿದೆ, ಮುಂದಿನ ವರ್ಷ ಎಸೆಯುವ ಹಾಗಿಲ್ಲ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್, ಅಂದರೆ ಎಂಎಲ್‌ಬಿ ಲೀಗಿನಲ್ಲಿ ಆರು ವರ್ಷ ಪೂರೈಸಿದವನು ಒಪ್ಪಂದ ಮುಗಿದ ಕೂಡಲೇ ತನಗಿಷ್ಟವಾದ ತಂಡಕ್ಕೆ ಹೋಗಬಹುದು. ಏಂಜಲ್ಸ್ ತಂಡದಲ್ಲಿ 2018ರಿಂದ ಆಡುತ್ತಿದ್ದ ಒಟಾನಿಗೆ ಆರು ತುಂಬಿತು.

ಆಮೇಲೆ ಶುರುವಾಯಿತು ನೋಡಿ ಗುಟ್ಟು. ಏಜೆಂಟ್ ನೆಜ್ ಬಲೆಲೊ ಬಾಯಿ ಬಿಡುವ ಆಸಾಮಿಯಲ್ಲ. ಮಾತುಕತೆಯ ವಿಷಯ ಸೋರಿದರೆ ಆ ತಂಡಕ್ಕೇ ನಷ್ಟ ಅನ್ನುವ ಎಚ್ಚರಿಕೆ ಎಲ್ಲ ತಂಡಗಳಿಗೂ ಹೋಗಿದೆ ಅಂತ ವರದಿಯಾಯಿತು. ಸಂಬಂಧ ಕುದುರುವವರೆಗೆ ಊರಲ್ಲಿ ಯಾರಿಗೂ ಹೇಳಬೇಡಿ ಅಂತ ಗಂಡಿನ ಕಡೆಯವರು ಹೇಳಿಕಳಿಸುತ್ತಾರಲ್ಲ, ಥೇಟ್ ಹಾಗೆ. ಹೇಳಬೇಡಿ ಅಂದ ಮೇಲೆ ಊರು ಸುಮ್ಮನಿರುತ್ತದೆಯೇ?

ಕಳೆದ ಮಂಗಳವಾರ ನ್ಯಾಶ್‌ವಿಲ್‌ನಲ್ಲಿ ಲೀಗಿನ ಚಳಿಗಾಲದ ಸಭೆ ನಡೆಯುತ್ತಿದ್ದಾಗ ಡಾಡ್ಜರ್ಸ್ ಮ್ಯಾನೇಜರ್ ಡೇವ್ ರಾಬರ್ಟ್ಸ್ ಸುಳ್ಳು ಹೇಳಲಾರೆ ಎಂಬಂತೆ, ಹೌದು, ನಾವು ಒಟಾನಿಯನ್ನು ಭೇಟಿಯಾದೆವು ಅಂದುಬಿಟ್ಟರು. ನಮ್ಮ ಟೊರಾಂಟೊ ಕಡೆಯವರಿಗೆ ಹಬ್ಬ. ಬಾಯಿ ಬಿಟ್ಟರಲ್ಲ, ಡಾಡ್ಜರ್ಸ್ ಕತೆ ಮುಗಿಯಿತು ಅಂತ ತೀರ್ಮಾನ. ನಮ್ಮ ಬ್ಲೂ ಜೇಸ್‌ನ ಜನರಲ್ ಮ್ಯಾನೇಜರ್ ರಾಸ್ ಅಟ್ಕಿನ್ಸ್ ಅವರೋ ಪತ್ರಕರ್ತರ ಎದುರಿಗೇ ಬರಲಿಲ್ಲ. ಝೂಮ್‌ನಲ್ಲಿ ಪತ್ರಕರ್ತರಿಗೆ ಮುಖ ತೋರಿಸಿದರು, ಎಲ್ಲಿದ್ದೀರಿ ಅಂದರೆ ಹೇಳಲಿಲ್ಲ. ಬೆನ್ನ ಹಿಂದೆ ಬೋಳು ಬಿಳಿ ಗೋಡೆ. ಆ ಗೋಡೆಯ ಮೇಲೆ ನಡೆದಷ್ಟು ಸಂಶೋಧನೆ ಹಂಪಿಯ ಶಾಸನಗಳ ಮೇಲೂ ನಡೆದಿಲ್ಲವೇನೋ. ಫ್ಲಾರಿಡಾದ ಡನೀಡಿನ್‌ನಲ್ಲಿ ಜೇಸ್‌ನ ತರಬೇತಿ ಕೇಂದ್ರವಿದೆ, ಒಟಾನಿ ಅಲ್ಲಿಗೆ ಬಂದು ಹೋದ ಅನ್ನುವ ಸುದ್ದಿ ಅದಾದ ಮೇಲೆ ಬಂತು. ಗೋಡೆ ನೋಡಿ ಆಗಲೇ ಹೇಳಿದ್ದೆವಲ್ಲ ಅಂತ ಎಲ್ಲರೂ ಎದೆ ಉಬ್ಬಿಸಿದರು.

ನಾಯಿಯದು ಇನ್ನೊಂದು ಪುರಾಣ. ಎಂವಿಪಿ ಘೋಷಣೆಯ ದಿನ ಟಿವಿಯಲ್ಲಿ ಒಟಾನಿಯ ಪಕ್ಕದಲ್ಲಿ ಮುದ್ದಾದ ನಾಯಿಯೊಂದು ಕೂತಿತ್ತು. ಹೆಸರೇನು ಅಂದರೆ ಅದೂ ಗುಟ್ಟು.  ಹೆಸರಲ್ಲಿ ತಂಡದ ಸುಳಿವಿದೆ, ಅದಕ್ಕೇ ಮುಚ್ಚಿಡುತ್ತಿದ್ದಾರೆ ಅಂತ ನಮ್ಮ ಮನೆಯ ಒಂಬತ್ತನೇ ಕ್ಲಾಸಿನ ಪಂಡಿತನ ವಾದ.

ಶುಕ್ರವಾರದ ಕತೆಯನ್ನು ಮಾತ್ರ ಸಾವಕಾಶವಾಗಿ ಹೇಳಬೇಕು. ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಿಂದ ಟೊರಾಂಟೊಗೆ ಒಂದು ಖಾಸಗಿ ಜೆಟ್ ಹೊರಟಿದೆ ಅಂತ ಯಾರೋ ಕಂಡುಹಿಡಿದರು. ಒಟಾನಿಯ ಮನೆ ಆ ಕಡೆಯೇ. ಅಷ್ಟು ಸಾಕಾಯಿತು. ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರೇಡಾರ್24ರಲ್ಲಿ ಜಗತ್ತಿನ ಬೇರೆ ಎಲ್ಲ ವಿಮಾನ ಬಿಟ್ಟು ಜನ ಇದರ ಬೆನ್ನು ಹತ್ತಿದರು. ಎಂಎಲ್‌ಬಿ ನೆಟ್‌ವರ್ಕ್‌ನ ಜಾನ್ ಮೊರೋಸಿ, ಒಟಾನಿ ಟೊರಾಂಟೊ ದಾರಿಯಲ್ಲಿದ್ದಾನೆ ಅಂತ ಬರೆದರು. ಡಾಡ್ಜರ್ಸ್ ಬಗ್ಗೆಯೇ ಬರೆಯುವ ಒಂದು ಸುದ್ದಿತಾಣ, ಒಟಾನಿ ಬ್ಲೂ ಜೇಸ್‌ಗೇ ಅಂತ ತೀರ್ಪು ಕೊಟ್ಟಿತು. ಇದರ ಮೇಲೆ ಸುಶಿ ಬೇರೆ: ಕ್ರೀಡಾಂಗಣದ ಹತ್ತಿರದ ಸುಶಿ ಹೋಟೆಲೊಂದನ್ನು ಜೇಸ್ ಪಿಚ್ಚರ್ ಯುಸೇ ಕಿಕುಚಿ ಐವತ್ತು ಮಂದಿಗೆ ಕಾದಿರಿಸಿದ್ದಾನೆ ಅಂತ ಪುಕಾರು. ಕಿಕುಚಿಯೂ ಒಟಾನಿಯೂ ಜಪಾನಿನ ಹನಾಮಾಕಿ ಹಿಗಾಶಿ ಅನ್ನುವ ಒಂದೇ ಹೈಸ್ಕೂಲಿನವರು. ಅದು ನಿಜವಾದ್ದರಿಂದ ಸುಶಿಯೂ ನಿಜ!

ಪಿಯರ್ಸನ್ ವಿಮಾನ ನಿಲ್ದಾಣ ಇರುವುದು ನಮ್ಮ ಮಿಸಿಸಾಗಾದಲ್ಲೇ. ಆಫೀಸಿನಲ್ಲಿ ಕೆಲಸ ನಿಂತೇಹೋಯಿತು. ಅಕೌಂಟ್ಸಿನ ಹಿರಿಯರೊಬ್ಬರು, 1993ರಲ್ಲಿ ಜೋ ಕಾರ್ಟರ್ ಹೋಮ್ ರನ್ ಹೊಡೆದು ಕಪ್ ಗೆಲ್ಲಿಸಿದ್ದನ್ನು ಕಣ್ಣಾರೆ ಕಂಡವರು, ಕಿಟಕಿಯ ಹತ್ತಿರವೇ ನಿಂತುಬಿಟ್ಟರು. ಆಮೇಲೆ ಈ ಊರಿಗೆ ಆ ಕಪ್ ಬಂದಿಲ್ಲ. ಮೂವತ್ತು ವರ್ಷ ಕಾದವರನ್ನು ನೋಡಿ ನಗಲು ಆರ್‌ಸಿಬಿಯವಳಾದ ನನಗೆ ಯಾವ ಅಧಿಕಾರ? "ಅಮ್ಮಾ, ಏರ್‌ಪೋರ್ಟಿಗೆ ಬಿಡು" ಅಂತ ಮಗ ಶಾಲೆಯಿಂದಲೇ ಮೆಸೇಜು. ನಮ್ಮನೆಯವರದು ಒಂದೇ ಪ್ರಶ್ನೆ: "ಅವನಿಗೆ ಕೊಡೋ ದುಡ್ಡು ನಮ್ಮ ಇಂಟರ್ನೆಟ್ ಬಿಲ್ಲಿಗೆ ಸೇರಿಸಲ್ಲ ತಾನೆ?" ಜೇಸ್‌ನ ಒಡೆತನ ನಮಗೆ ಇಂಟರ್ನೆಟ್ ಕೊಡುವ ರೋಜರ್ಸ್ ಕಂಪನಿಯದು, ಅದಕ್ಕೆ.

ವಿಮಾನ ಇಳಿಯಿತು. ಇಳಿದದ್ದು ರಾಬರ್ಟ್ ಹೆರ್ಜವೆಕ್ ಮತ್ತು ಅವರ ಮಕ್ಕಳು. ಶಾರ್ಕ್ ಟ್ಯಾಂಕ್ ಇಂಡಿಯಾ ನೋಡುವವರಿಗೆ ಗೊತ್ತಿರಬಹುದು, ಅದರ ಅಮೆರಿಕದ ಮೂಲ ಕಾರ್ಯಕ್ರಮದಲ್ಲಿ ಕೂರುವ ಕೆನಡಾದ ಉದ್ಯಮಿ. ಒಟಾನಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಮನೆಯಲ್ಲೇ ಇದ್ದ. ಮೊರೋಸಿ ಕ್ಷಮೆ ಕೇಳಿದರು. ಮಾರನೇ ದಿನ ಒಟಾನಿಯೇ ಇನ್‌ಸ್ಟಾಗ್ರಾಮ್‌ನಲ್ಲಿ ಡಾಡ್ಜರ್ಸ್ ಲಾಂಛನ ಹಾಕಿ, ನಿರ್ಧಾರ ತಡವಾದದ್ದಕ್ಕೆ ಕ್ಷಮಿಸಿ ಅಂತ ಶುರುಮಾಡಿ ವಿಷಯ ತಿಳಿಸಿದ. ಅಕೌಂಟ್ಸಿನವರು ಆ ಮೊರೋಸಿಯನ್ನು ಇನ್ನೂ ಕ್ಷಮಿಸಿಲ್ಲ. ನನಗೆ ಅವರ ಮೇಲೂ ಸಿಟ್ಟಿಲ್ಲ, ಒಟಾನಿಯ ಮೇಲಂತೂ ಇಲ್ಲವೇ ಇಲ್ಲ.

ಭಾನುವಾರ ಮೈಸೂರಿನಿಂದ ತಮ್ಮ ಫೋನ್ ಮಾಡಿದಾಗ ಇದೇ ಮಾತು ಬಂತು. "ಅಲ್ಲಾ ಅಕ್ಕ, ಇಷ್ಟೆಲ್ಲ ಗುಟ್ಟು ಯಾಕೆ? 19ಕ್ಕೆ ದುಬೈನಲ್ಲಿ ನಮ್ದು ಐಪಿಎಲ್ ಹರಾಜು. ಕೈ ಎತ್ತಿದ್ರು, ಸುತ್ತಿಗೆ ಬಿತ್ತು, ಮುಗೀತು. ರಾತ್ರಿ ಊಟದ ಹೊತ್ತಿಗೆ ಯಾರು ಎಲ್ಲಿ ಅಂತ ಗೊತ್ತಾಗಿರುತ್ತೆ." ಆಮೇಲೆ ಲೆಕ್ಕ ಹಾಕಲು ಕೂತ. 2024ರ ಐಪಿಎಲ್‌ಗೆ ಒಂದು ತಂಡದ ಪರ್ಸೇ 100 ಕೋಟಿ ರೂಪಾಯಿ, ಹತ್ತು ತಂಡ ಸೇರಿದರೆ 1,000 ಕೋಟಿ. ಒಟಾನಿ ಒಬ್ಬನದೇ ಹತ್ತಿರ ಹತ್ತಿರ 5,800 ಕೋಟಿ. "ಕ್ಯಾಮರೂನ್ ಗ್ರೀನ್‌ಗೆ ಹದಿನೇಳೂವರೆ ಕೋಟಿ ಅಂತ ನಾವಿಲ್ಲಿ ಬಾಯಿ ಬಡ್ಕೊಳ್ತಿದೀವಿ" ಅಂದ.

ಹರಾಜಿನಲ್ಲಿ ಆಟಗಾರನಿಗೆ ಒಳ್ಳೆಯ ಬೆಲೆ ಸಿಗಬಹುದು, ಊರನ್ನು ಆರಿಸಿಕೊಳ್ಳುವ ಹಕ್ಕು ಸಿಗುವುದಿಲ್ಲ. ಇಲ್ಲಿ ಆ ಹಕ್ಕಿಗಾಗಿ ಒಬ್ಬರು ತಮ್ಮ ಆಟವನ್ನೇ ಕಳೆದುಕೊಂಡರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಕರ್ಟ್ ಫ್ಲಡ್. 1969ರಲ್ಲಿ ತಂಡ ಅವರನ್ನು ಕೇಳದೆ ಕೇಳಿಸದೆ ಫಿಲಡೆಲ್ಫಿಯಾಗೆ ದಾಟಿಸಿತು. ನಾನು ಕೊಂಡು ಮಾರುವ ಸರಕಲ್ಲ ಅಂತ ಅವರು ಕಮಿಷನರ್‌ಗೆ ಪತ್ರ ಬರೆದು ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಒಪ್ಪಂದ ಮುಗಿದ ಮೇಲೂ ಆಟಗಾರ ತಂಡದ ಸೊತ್ತೇ ಅನ್ನುವ ಕಟ್ಟು ಕಳಚಿದ್ದು 1975ರ ಡಿಸೆಂಬರಿನಲ್ಲಿ, ಪೀಟರ್ ಸೈಟ್ಸ್ ಅನ್ನುವ ಮಧ್ಯಸ್ಥಗಾರರ ತೀರ್ಪಿನಿಂದ. ಅದಕ್ಕೂ ಹಿಂದೆ ದಶಕಗಟ್ಟಲೆ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದವರು ಮಾಲೀಕರು. ಈಗ ಆಟಗಾರನೊಬ್ಬ ಬಾಗಿಲು ಹಾಕಿಕೊಂಡರೆ ಅಭಿಮಾನಿಗಳಿಗೆ ಗೌರವ ಕೊಡಲಿಲ್ಲ ಅನ್ನುವುದು ನನಗೆ ಸರಿಕಾಣುವುದಿಲ್ಲ. ತಮ್ಮನಿಗೆ ಇಷ್ಟೆಲ್ಲ ಹೇಳಿದೆ. "ಆದ್ರೂ ಹರಾಜೇ ಮಜಾ" ಅಂದ.

ಇನ್ನು ನಿನ್ನೆ ಬಂದ ಸುದ್ದಿ. ನಾವು ಗೋಡೆ, ನಾಯಿ, ಸುಶಿ, ವಿಮಾನ ಅಂತ ಓಡಾಡುತ್ತಿದ್ದಾಗ ಒಳಗೆ ಕೂತವರು ಮಾತಾಡುತ್ತಿದ್ದದ್ದು ಯಾವ ವರ್ಷ ಎಷ್ಟು ಅನ್ನುವ ಬಗ್ಗೆ. ಈ ಲೀಗಿನಲ್ಲಿ ತಂಡದ ಒಟ್ಟು ಸಂಬಳ ಒಂದು ಗೆರೆ ದಾಟಿದರೆ ದಂಡದಂಥ ತೆರಿಗೆ ಬೀಳುತ್ತದೆ. 2024ಕ್ಕೆ ಆ ಗೆರೆ 23.7 ಕೋಟಿ ಡಾಲರ್. ಹಣವನ್ನು ಮುಂದಕ್ಕೆ ತಳ್ಳಿದರೆ ಅದರ ಇಂದಿನ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಒಟಾನಿಯ ಹೆಸರಲ್ಲಿ ವರ್ಷಕ್ಕೆ 7 ಕೋಟಿಯ ಬದಲು ಸುಮಾರು 4.6 ಕೋಟಿ ಮಾತ್ರ. ಉಳಿದದ್ದರಲ್ಲಿ ಡಾಡ್ಜರ್ಸ್ ಇನ್ನೊಬ್ಬ ಒಳ್ಳೆಯ ಆಟಗಾರನನ್ನು ತರಬಹುದು. ಈ ಯೋಚನೆ ಒಟಾನಿಯ ಕಡೆಯಿಂದಲೇ ಬಂತಂತೆ. ಹಣ ತಳ್ಳುವುದೇನೂ ಹೊಸದಲ್ಲ. ಹಳೆಯ ಆಟಗಾರ ಬಾಬಿ ಬೊನಿಯಾಗೆ ನ್ಯೂಯಾರ್ಕ್ ಮೆಟ್ಸ್ ತಂಡ 2011ರಿಂದ ಪ್ರತಿ ಜುಲೈ 1ಕ್ಕೆ ಸುಮಾರು 11.9 ಲಕ್ಷ ಡಾಲರ್ ಕೊಡುತ್ತಿದೆ, 2035ರವರೆಗೂ ಕೊಡುತ್ತದೆ. ಆದರೆ ಬೊನಿಯಾ ನೂರಕ್ಕೆ ಎಂಟರ ಬಡ್ಡಿ ಹಾಕಿಸಿಕೊಂಡ ಜಾಣ.

ಸುಳಿವು ನಮ್ಮ ಕಣ್ಣೆದುರೇ ಇತ್ತು, ಅದು ನನ್ನನ್ನು ಕಾಡುತ್ತಿದೆ. 2017ರಲ್ಲಿ ಒಟಾನಿ ಜಪಾನ್ ಬಿಟ್ಟಾಗ ವಯಸ್ಸು 23. ಇನ್ನೆರಡು ವರ್ಷ ಕಾದಿದ್ದರೆ ಮಿತಿಯಿಲ್ಲದ ಒಪ್ಪಂದ ಸಿಗುತ್ತಿತ್ತು. ಕಾಯಲಿಲ್ಲ, 23 ಲಕ್ಷ ಚಿಲ್ಲರೆ ಡಾಲರ್ ಬೋನಸ್‌ಗೆ ಏಂಜಲ್ಸ್ ಸೇರಿದ. ಆರು ವರ್ಷದಲ್ಲಿ ಒಂದು ಸಲವೂ ಪ್ಲೇಆಫ್ (ಕಪ್ಪಿಗಾಗಿ ನಡೆಯುವ ಕೊನೆಯ ಸುತ್ತು) ಆಡಲಿಲ್ಲ. ಅಂಥವನು ಎರಡನೇ ಸಲ ಕೇಳುವುದು ಗೆಲ್ಲುವ ತಂಡವನ್ನೇ, ದುಡ್ಡು ಆಮೇಲೆ ಬಂದರೂ ಆದೀತು ಅಂತ ಯಾರಾದರೂ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಗೋಡೆಯ ಬಣ್ಣದ ಬಗ್ಗೆ ಮಾತಾಡುವುದರಲ್ಲಿ ಸುಖ ಹೆಚ್ಚು, ಒಪ್ಪಿಕೊಳ್ಳುತ್ತೇನೆ.

ಇದು ಮೋಸ ಅಂತ ಇವತ್ತು ಆಫೀಸಿನಲ್ಲಿ ಬಿಸಿಬಿಸಿ ಚರ್ಚೆ. ಒಟಾನಿ 2034ರೊಳಗೆ ಕ್ಯಾಲಿಫೋರ್ನಿಯಾ ಬಿಟ್ಟರೆ ಅಲ್ಲಿನ ರಾಜ್ಯ ತೆರಿಗೆಯೂ ತಪ್ಪುತ್ತದೆ ಅಂತ ಹೊಸ ಊಹೆ ಶುರುವಾಗಿದೆ. ಮೋಸ ಹೇಗಾಗುತ್ತದೆ? ಎಷ್ಟು ಹಣ ಬೇಕಾದರೂ ಮುಂದಕ್ಕೆ ಹಾಕಬಹುದು ಅಂತ ಆಟಗಾರರೂ ಮಾಲೀಕರೂ ಸೇರಿ ಒಪ್ಪಿದ ನಿಯಮದಲ್ಲೇ ಇದೆ. ಟೊರಾಂಟೊ ಕೂಡ ಹಾಗೇ ಮಾಡಬಹುದಿತ್ತು.

ಮಗ ಸಂಜೆ ಬಂದವನೇ ಮುಂದಿನ ಹೆಸರು ತೆಗೆದ. ಯೋಶಿನೊಬು ಯಮಾಮೊಟೊ, ಓರಿಕ್ಸ್ ಬಫಲೋಸ್‌ನ ಪಿಚ್ಚರ್, ಜಪಾನಿನಲ್ಲಿ ಒಳ್ಳೆಯ ಪಿಚ್ಚರ್‌ಗೆ ಕೊಡುವ ಸವಾಮುರಾ ಪ್ರಶಸ್ತಿಯನ್ನು ಸತತ ಮೂರು ವರ್ಷ ಗೆದ್ದವನು. ಜನವರಿ 4ರೊಳಗೆ ತಂಡ ಆರಿಸಿಕೊಳ್ಳಬೇಕು. "ಡಾಡ್ಜರ್ಸ್‌ಗೆ ವರ್ಷಕ್ಕೆ 2.4 ಕೋಟಿ ಜಾಗ ಉಳೀತಲ್ಲಮ್ಮ, ಇವ್ನೂ ಅಲ್ಲಿಗೇ ಹೋಗ್ತಾನೆ ನೋಡ್ತಿರು" ಅಂದ. ನಾಯಿ ಬಿಟ್ಟು ತೆರಿಗೆಗೆ ಬಂದಿದ್ದಾನೆ, ಪರವಾಗಿಲ್ಲ. ನನ್ನ ಲೆಕ್ಕದಲ್ಲಿ ಯಮಾಮೊಟೊ ನ್ಯೂಯಾರ್ಕ್ ಯಾಂಕೀಸ್‌ಗೆ. ನನ್ನ ಚಿಂತೆಯೇ ಬೇರೆ: ನಮ್ಮ ಮೂರನೇ ಬೇಸ್ ಕಾಯುತ್ತಿದ್ದ ಮ್ಯಾಟ್ ಚಾಪ್ಮನ್ ಒಪ್ಪಂದವೂ ಮುಗಿದಿದೆ, ಈ ವರ್ಷ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಗೆದ್ದವನು, ಅವನ ಬಗ್ಗೆ ನಮ್ಮ ಆಫೀಸಿನಲ್ಲಿ ಒಬ್ಬರೂ ಉಸಿರೆತ್ತುತ್ತಿಲ್ಲ.