ಲಕ್ ಅಂತೆ!

ಡಿಗ್ರಿಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸರ್ ಈಗ ಪ್ರೊಫೆಸರ್ ಆಗಿದ್ದಾರೆ. ಬ್ಯಾಚಿನ ವಾಟ್ಸಾಪ್ ಗ್ರೂಪ್ ತುಂಬಾ ಹೂಗುಚ್ಛ, ಕೈಮುಗಿಯೋ ಇಮೋಜಿ. ನಡುವೆ ಒಬ್ಬ "ಲಕ್ ಬಿಡ್ರಿ ಅವರದು" ಅಂತ ಹಾಕಿದ್ದ. ಅದೊಂದು ನನಗೆ ಹಿಡಿಸಲಿಲ್ಲ.

ಸರ್ ಸಿರುಗುಪ್ಪ ಕಡೆಯ ಭತ್ತದ ಗದ್ದೆ ಮನೆಯವರು. ಹತ್ತನೇ ತನಕ ಕನ್ನಡ ಮೀಡಿಯಂ. ಅವರು ಎಂ.ಎ. ಓದುವಾಗ ಬಳ್ಳಾರಿಗೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಅಲ್ಲಿನ ವಿಜಯನಗರ ಶ್ರೀಕೃಷ್ಣದೇವರಾಯ ವಿ.ವಿ. ಶುರುವಾಗಿದ್ದೇ 2010ರಲ್ಲಿ. ಟ್ರಂಕು ಹೊತ್ತು ಕಲಬುರಗಿಗೆ ಹೋದರು. ಆಮೇಲೆ ಅತಿಥಿ ಉಪನ್ಯಾಸಕ. ಆ ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ, ಅತಿಥಿಗೆ ರಜೆ ಬಂದರೆ ಸಂಬಳ ಇಲ್ಲ! ನಮಗೆ ಪಾಠ ಮಾಡಿದ್ದು ಆ ಕಾಲದಲ್ಲೇ. ಬಿಸಿಲಿಗೆ ಕ್ಲಾಸ್‌ರೂಮು ಹಂಚಿನಂಗೆ ಕಾದಿರೋದು, ಇವರು ಮಾತ್ರ ಇಂಗ್ಲಿಷ್ ನಾಟಕದ ರಾಜನ ಸಂಕಟವನ್ನು ನಮ್ಮೂರ ಬಯಲಾಟದ ಧಾಟಿಯಲ್ಲಿ ಹೇಳೋರು. ಹಿಂದಿನ ಬೆಂಚಿನವರೂ ಎದ್ದು ಹೋಗುತ್ತಿರಲಿಲ್ಲ.

ಉಪನ್ಯಾಸಕರಾಗೋಕೆ ಇರೋ ರಾಷ್ಟ್ರಮಟ್ಟದ ಪರೀಕ್ಷೆ ನೆಟ್ ಪಾಸಾಗಿದ್ದರು. ಆದರೆ ನೆಟ್ ಬರೀ ಅರ್ಹತೆ, ನೌಕರಿಗೆ ಬೇರೆ ನೇಮಕಾತಿ ಕರೀಬೇಕು. ಕಾಯುತ್ತಲೇ ಪಿಎಚ್‌ಡಿ ಮುಗಿಸಿದರು. ಇನ್ನು ಪ್ರೊಫೆಸರ್ ಅನ್ನಿಸಿಕೊಳ್ಳೋಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಪಿಎಚ್‌ಡಿ ಜತೆ ಕನಿಷ್ಠ 10 ಸಂಶೋಧನಾ ಪ್ರಕಟಣೆ ಬೇಕು. ಇದಕ್ಕೆಲ್ಲ ಲಕ್ ಅಂತ ಹೆಸರಾ?

ಈಗ ರಾಯಚೂರಿಗೂ ಕೊಪ್ಪಳಕ್ಕೂ ವಿಶ್ವವಿದ್ಯಾಲಯ ಬಂದಿವೆ. ಎಂ.ಎ.ಗೆ ಅಷ್ಟು ದೂರ ಹೋಗೋದು ತಪ್ಪಿದೆ, ಕಾಯೋದು ತಪ್ಪಿಲ್ಲ. ನನ್ನ ಜೂನಿಯರ್ ಒಬ್ಬಳು ಅತಿಥಿ ಉಪನ್ಯಾಸಕಿ, ನೆಟ್‌ನಂಥದ್ದೇ ರಾಜ್ಯದ ಪರೀಕ್ಷೆ ಕೆ-ಸೆಟ್‌ಗೆ ಓದ್ತಿದ್ದಾಳೆ. ಸರ್‌ನ ಕೇಳಿ ಅವರ ನಂಬರ್ ಕೊಟ್ಟೆ. "ಭಾನುವಾರ ಬಾರಮ್ಮ, ಹಳೇ ನೋಟ್ಸ್ ಅವ" ಅಂದರಂತೆ.